ಕೆಂಪು ಕರು ಮತ್ತು ಒಂದು ‘ಪರವಾಗಿಲ್ಲ’

ದೇಶದ ಉತ್ತರದ ತುದಿಯಲ್ಲಿರುವ ನಮ್ಮ ಫ್ರೀಸ್‌ಲ್ಯಾಂಡಿನ ಗಾಳಿಗೆ ಸಮನಾದ ಗಾಳಿ ಭೂಮಿಯ ಮೇಲೆ ಇನ್ನೊಂದಿಲ್ಲ. ಸಮುದ್ರದಿಂದ ಎದ್ದು ಹುಲ್ಲುಗಾವಲಿನ ಮೇಲೆ ಓಡಿಬರುವ ಅದನ್ನು ತಡೆಯಲು ಒಂದು ಗುಡ್ಡವಿಲ್ಲ, ದಿಬ್ಬವಿಲ್ಲ, ಎದೆಯೆತ್ತರದ ಗೋಡೆಯೂ ಇಲ್ಲ. ಒಂದು ಭಾನುವಾರ ಅದು ನಮ್ಮ ಪಾದ್ರಿಯ ಬಾಯಿಂದ ಪ್ರಾರ್ಥನೆಯನ್ನು ಕಿತ್ತುಕೊಂಡು ಹೋಗಿ ಪಕ್ಕದೂರಿನ ಚರ್ಚಿನಲ್ಲಿ ‘ಆಮೆನ್’ ಹೇಳಿಸಿತ್ತು. ಅಂಥ ಗಾಳಿ ದಕ್ಷಿಣದಿಂದ ಬಂದ ಗಂಡಸೊಬ್ಬನ ಟೋಪಿಯನ್ನು ಸುಮ್ಮನೆ ಬಿಡುತ್ತದೆಯೇ?

ಲ್ಯಾಂಬರ್ಟ್ ವ್ಯಾನಿನ ಬಾಗಿಲು ತೆರೆದದ್ದೇ ತಡ, ಟೋಪಿ ಹಾರಿ ಕಾಲುವೆಯ ಆಚೆ ದಡದ ಜೊಂಡಿನಲ್ಲಿ ಹೋಗಿ ಕುಳಿತಿತು. ಅವನು ಕೂದಲು ತೆಳುವಾಗತೊಡಗಿದ್ದ ತಲೆಯ ಮೇಲೆ ಕೈಯಿಟ್ಟುಕೊಂಡು, ಉಳಿದದ್ದಾದರೂ ಉಳಿಯಲಿ ಎಂಬಂತೆ ನಿಂತ.

ಹಿಸ್ಕೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಇದನ್ನು ನೋಡಿದಳು. ಗೋಡೆಗೆ ಒರಗಿಸಿದ್ದ ಉದ್ದನೆಯ ಗಳ ಎತ್ತಿಕೊಂಡಳು. ಓಡಿಬಂದು ನೀರಿನ ನಡುವೆ ಗಳ ಊರಿ ಮೇಲಕ್ಕೆದ್ದಳು. ಆ ಎತ್ತರದಲ್ಲಿ ಅವಳು ಒಂದು ಮೋಡವನ್ನು ಪಕ್ಕಕ್ಕೆ ಸರಿಸಿಯೇ ಮುಂದೆ ಹೋದಳೆಂದು ನೋಡಿದವರು ಈಗಲೂ ಹೇಳುತ್ತಾರೆ. ಆಚೆ ದಡಕ್ಕೆ ಇಳಿದು, ಟೋಪಿ ಹಲ್ಲಿನಲ್ಲಿ ಕಚ್ಚಿಕೊಂಡು, ಹಾಗೆಯೇ ಹಾರಿ ವಾಪಸು ಬಂದಳು. ನಲವತ್ತು ದಾಟಿದ ಹೆಂಗಸು, ರಬ್ಬರ್ ಬೂಟಿನಲ್ಲಿ.

“ಕಿವಿ ಕತ್ತರಿಸೋಕೆ ಬಂದವರು ನೀವೇನಾ?” ಎಂದು ಕೇಳಿದಳು.

“ಚೂರೇ ಚೂರು,” ಎಂದ ಅವನು, ಬಾಯಿ ಮುಚ್ಚಲು ನೆನಪಾದ ಮೇಲೆ.

“ಟೋಪಿಗೆ ದಾರ ಕಟ್ಕೊಳ್ಳಿ. ಇಲ್ಲಾಂದ್ರೆ ಮುಂದಿನ ಸಲ ಡೆನ್ಮಾರ್ಕಿಗೆ ಹೋಗಿ ಹುಡುಕಬೇಕಾಗತ್ತೆ.”

ಅವನು ನಕ್ಕ. ಕಣ್ಣಿನ ತುದಿಯಲ್ಲಿ ಶುರುವಾಗಿ ಕಿವಿಯವರೆಗೆ ಹೋಗುವ ನಗು. ಆ ಅಂಗಳದಲ್ಲಿ ಗಂಡಸಿನ ನಗು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಮೇಯುತ್ತಿದ್ದ ಹಸುಗಳೆಲ್ಲ ಒಟ್ಟಿಗೆ ತಲೆಯೆತ್ತಿ ಇದೇನು ಸದ್ದು ಎಂದು ನೋಡಿದವು.

ಹಿಸ್ಕೆಯ ಹಸುಗಳ ವಿಷಯವನ್ನೂ ಹೇಳಿಬಿಡಬೇಕು. ಅವುಗಳ ಒಂದು ದಿನದ ಹಾಲನ್ನು ಕಾಲುವೆಗೆ ಬಿಟ್ಟರೆ ಹಡಗುಗಳು ದಾರಿ ತಪ್ಪುತ್ತಿದ್ದವು. ಕಪ್ಪು ಬಿಳುಪಿನ ರಾಸುಗಳು. ಮೈ ಮೇಲಿನ ಕಪ್ಪು, ಇಸ್ತ್ರಿ ಮಾಡಿದ ಕೋಟಿನಂತೆ. ತೀರಿಕೊಂಡ ಅಪ್ಪ ಕಟ್ಟಿಹೋದ ಹಿಂಡು ಅದು. ಆದರೆ ಈಚಿನ ವರ್ಷಗಳಲ್ಲಿ ಏನೋ ಎಡವಟ್ಟಾಗಿತ್ತು. ಹಸುಗಳು ಗಬ್ಬ ನಿಲ್ಲುತ್ತಿರಲಿಲ್ಲ, ಕರುಗಳು ಸೊರಗುತ್ತಿದ್ದವು. ಹಾಗಾಗಿ ತಳಿ ಸಂಘದವರಿಗೆ ಹೇಳಿಕಳಿಸಿದ್ದಳು. ಸಂಘದವರು ಲ್ಯಾಂಬರ್ಟ್‌ನನ್ನು ಕಳಿಸಿದ್ದರು: ಪ್ರತಿ ಹಸುವಿನ ಕಿವಿಯಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು, ಅಲ್ಲಿಂದ ಬಂದ ಜೀನ್ ಪರೀಕ್ಷೆಯ ಫಲಿತಾಂಶವನ್ನು ಕಂಪ್ಯೂಟರಿಗೆ ತಿನ್ನಿಸುವುದು, ಯಾವ ಹಸುವಿಗೆ ಯಾವ ಹೋರಿ ಎಂದು ಅದು ಜೋಡಿ ಹೇಳುವುದು. ಒಟ್ಟಿನಲ್ಲಿ ಮದುವೆ ದಲ್ಲಾಳಿಯ ಕೆಲಸ, ವ್ಯಾನಿನಲ್ಲಿ.

ಕಿವಿ ಕೆಲಸ ಒಂದೇ ದಿನದಲ್ಲಿ ಮುಗಿಯಬಹುದಿತ್ತು. ಲ್ಯಾಂಬರ್ಟ್‌ಗೆ ಅದು ಯಾಕೋ ಮುಗಿಯಲಿಲ್ಲ. ಇನ್ನೊಂದು ದಿನ ಬಂದ. ಮತ್ತೊಂದು ದಿನವೂ ಬಂದ. ಒಮ್ಮೆ, ಎಣಿಕೆ ತಪ್ಪಿರಬಹುದು ಎಂದು ಬರೀ ಎಣಿಸಲಿಕ್ಕೇ ಬಂದ.

ಹಿಸ್ಕೆಗೆ ಅವನು ಹೋದಮೇಲಿನ ಸದ್ದಿಲ್ಲದ ಹೊತ್ತು ಹೊಸದೆನಿಸತೊಡಗಿತು. ಹೊಸದೇನಲ್ಲ, ಅದು ಹಳೆಯದೇ. ಹಾಲು ಕರೆಯುವ ರೋಬೋಟ್ ಬಂದಮೇಲೆ ಕೊಟ್ಟಿಗೆಗೆ ಮನುಷ್ಯರು ಬರುವುದು ನಿಂತುಹೋಗಿತ್ತು. ಮೊದಲು ಹಾಲು ಕರೆಯಲು ಬರುತ್ತಿದ್ದ ಹೆಂಗಸು ತನ್ನ ಸೊಂಟನೋವು, ಸೊಸೆ, ಪಕ್ಕದ ಮನೆಯ ಜಗಳ ಎಲ್ಲವನ್ನೂ ಜೊತೆಗೆ ಹೊತ್ತುತರುತ್ತಿದ್ದಳು. ರೋಬೋಟಿಗೆ ಸೊಂಟವಿಲ್ಲ, ಸೊಸೆಯಿಲ್ಲ. ಹಸುಗಳಿಗೆ ಬೇಸರವಾಗದಿರಲಿ ಎಂದು ಹಿಸ್ಕೆ ಕೊಟ್ಟಿಗೆಯಲ್ಲಿ ದಿನವಿಡೀ ರೇಡಿಯೋ ಹಚ್ಚಿಡುತ್ತಿದ್ದಳು. ಹಸುಗಳಿಗೆ ಎಂದು ಹೇಳುತ್ತಿದ್ದಳು.

ದಿನಕ್ಕೊಮ್ಮೆ ಬೀದಿಯ ಆಚೆ ತುದಿಯಿಂದ ಚಿಕ್ಕಪ್ಪ ಗೊಸ್ಸೆ ಕಾಫಿಗೆ ಬರುತ್ತಿದ್ದ. ಎಂಬತ್ತು ದಾಟಿದ ಮುದುಕ, ಕಿವಿ ಮಂದ, ನಾಲಿಗೆ ಚುರುಕು. ನಮ್ಮಲ್ಲಿ ಕಾಫಿಗೆ ಒಂದು ಬಿಸ್ಕತ್ತು. ಡಬ್ಬಿ ತೆರೆಯುವುದು, ನೀವು ಒಂದನ್ನು ತೆಗೆದುಕೊಳ್ಳುವುದು, ಡಬ್ಬಿ ಮುಚ್ಚುವುದು. ದೊರೆಯೇ ಬಂದು ಕುಳಿತರೂ ಎರಡನೆಯದಿಲ್ಲ. ಲ್ಯಾಂಬರ್ಟ್ ‘ಎಣಿಸಲು’ ಬಂದ ಆ ದಿನ ಹಿಸ್ಕೆ ಡಬ್ಬಿ ತೆರೆದಳು, ಅವನು ಒಂದನ್ನು ತೆಗೆದುಕೊಂಡ, ಡಬ್ಬಿ ತೆರೆದೇ ಉಳಿಯಿತು. ಗೊಸ್ಸೆಗೆ ಕಾಫಿ ನೆತ್ತಿಗೇರಿತು. ಲ್ಯಾಂಬರ್ಟ್ ಮಾತ್ರ ಹಸುವಿನ ಗೊರಸಿನ ಬಗ್ಗೆ ಮಾತಾಡುತ್ತಲೇ ಇದ್ದ. ತೆರೆದ ಡಬ್ಬಿ ಅವನ ಎದುರಿಗೇ ಇತ್ತು. ಅದರಲ್ಲಿ ಅವನಿಗೆ ಕಂಡದ್ದು ಬಿಸ್ಕತ್ತು ಮಾತ್ರ. ಪಾಪ, ಅವನು ಲಿಂಬುರ್ಗ್‌ನವನು. ದೇಶದ ದಕ್ಷಿಣದ ತುದಿ. ಗುಡ್ಡಗಳಿರುವ, ಜನ ಸುಮ್ಮಸುಮ್ಮನೆ ಒಬ್ಬರನ್ನೊಬ್ಬರು ಹೊಗಳಿಕೊಳ್ಳುವ ನಾಡು. ಅಲ್ಲಿ ಡಬ್ಬಿಗೆ ಮುಚ್ಚಳವೇ ಇರುವುದಿಲ್ಲವಂತೆ.

ಪರೀಕ್ಷೆಯ ಫಲಿತಾಂಶ ಬಂದ ದಿನ ಅವನು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, ಕೆಟ್ಟ ಸುದ್ದಿ ಹೇಳುವ ಡಾಕ್ಟರನಂತೆ ಗಂಟಲು ಸರಿಮಾಡಿಕೊಂಡ. ಹಿಂಡಿನಲ್ಲಿರುವುದೆಲ್ಲ ಒಂದೇ ಮನೆತನ ಎಂದ. ಅಪ್ಪನಿಗೆ ಕೈಸರ್ ಎಂಬ ಹೋರಿಯ ಮೇಲೆ ಎಂಥ ಮೋಹವಿತ್ತೆಂದರೆ, ಅದನ್ನು, ಅದರ ಮಕ್ಕಳನ್ನು, ಮೊಮ್ಮಕ್ಕಳನ್ನು ಬಿಟ್ಟು ಬೇರೆ ಹೋರಿಯನ್ನು ಒಳಗೆ ಬಿಟ್ಟಿರಲಿಲ್ಲ. ಈಗ ಯಾವ ಹಸುವಿನ ವಂಶ ಹತ್ತಿ ಹೋದರೂ ಅಜ್ಜನ ಕುರ್ಚಿಯಲ್ಲಿ ಕೈಸರ್, ಮುತ್ತಜ್ಜನ ಕುರ್ಚಿಯಲ್ಲೂ ಕೈಸರ್. ಕಂಪ್ಯೂಟರ್ ಪ್ರತಿ ಹಸುವಿಗೂ ಕಾಲು ಸೋತಿದ್ದರೆ ಗಟ್ಟಿ ಕಾಲಿನ, ಕೆಚ್ಚಲು ಜೋತಿದ್ದರೆ ಬಿಗಿ ಕೆಚ್ಚಲಿನ ವಂಶದ ಹೋರಿ ಹುಡುಕಿತ್ತು. ಆದರೆ ಎಲ್ಲದರ ಕೆಳಗೂ ಒಂದೇ ಸಲಹೆ ಇತ್ತು: ಹೊರಗಿನ ರಕ್ತ ಬೇಕು.

“ಆ ಯಂತ್ರಕ್ಕೆ ನಮ್ಮೂರವರ ಕಿವೀನೂ ತೋರ್ಸು,” ಎಂದ ಗೊಸ್ಸೆ. “ಇದನ್ನೇ ಹೇಳತ್ತೆ. ಇವಳ ಕಿವಿಯಿಂದಲೇ ಶುರುಮಾಡು.”

ಹಿಸ್ಕೆ ಚಿಕ್ಕಪ್ಪನನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಬೂದಿಯಾಗುತ್ತಿದ್ದರು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹರೆಯದಲ್ಲಿ ಅವಳ ಜೊತೆಗೆ ಕುಣಿದ ಹುಡುಗರೆಲ್ಲ, ವಿಚಾರಿಸುತ್ತ ಹೋದರೆ, ಯಾವುದಾದರೊಂದು ಕಡೆಯಿಂದ ಅಣ್ಣ ತಮ್ಮಂದಿರೇ ಆಗಿಬಿಡುತ್ತಿದ್ದರು. ಆಗದೆ ಉಳಿದವರಿಗೆ ಬೇಗ ಮದುವೆಯಾಯಿತು. ಆಮೇಲಿನ ವರ್ಷಗಳನ್ನು ಅಪ್ಪನ ಕಾಯಿಲೆ ತಿಂದಿತು.

ಲ್ಯಾಂಬರ್ಟ್ ಮಾತು ತಿರುಗಿಸಲೆಂದು ಆಲ್ಕೆಯ ಪುಟ ತೆರೆದ. ಆಲ್ಕೆ ಹಿಂಡಿನಲ್ಲೇ ಹೆಚ್ಚು ಕಪ್ಪಾದ ಹಸು. ಅಮಾವಾಸ್ಯೆಯಂದು ಅವಳು ಹೊರಗೆ ನಿಂತರೆ ಕತ್ತಲೆಯೇ ಸ್ವಲ್ಪ ಬೆಳ್ಳಗೆ ಕಾಣುತ್ತಿತ್ತು. ಅಪ್ಪನ ಕಣ್ಮಣಿ.

“ಹೊರಗೆ ಇಷ್ಟು ಕಪ್ಪು,” ಎಂದ ಅವನು ಮೆಲ್ಲಗೆ. “ಒಳಗೆ ಕೆಂಪು ಬಚ್ಚಿಟ್ಕೊಂಡಿದ್ದಾಳೆ. ತಾಯಿಯಿಂದ ಬಂದಿರಬಹುದು, ಅಜ್ಜಿಯಿಂದ ಬಂದಿರಬಹುದು. ಒಂದೇ ಪಾಲು ಇದ್ರೆ ಅದು ಯಾರಿಗೂ ಕಾಣಲ್ಲ. ಎದುರಿನಿಂದ ಇನ್ನೊಂದು ಕೆಂಪು ಬರಬೇಕು.”

“ಬಂದ್ರೆ?”

“ಹೊರಗೆ ಕಾಣಬಹುದು. ಗ್ಯಾರಂಟಿ ಕೊಡಕ್ಕಾಗಲ್ಲ. ಅರ್ಧಕ್ಕರ್ಧ.”

ಇದನ್ನು ಹೇಳುವಾಗ ಅವನ ಕಣ್ಣು ಪರದೆಯ ಮೇಲಿರಲಿಲ್ಲ. ಹಿಸ್ಕೆ ಚಮಚವನ್ನು ನೋಡುತ್ತಿದ್ದಳು. ಸಕ್ಕರೆಯೇ ಹಾಕದ ಕಾಫಿಯನ್ನು ಅವಳು ಆಗಿನಿಂದ ಕಲಕುತ್ತಲೇ ಇದ್ದಳು.

ಅವನು ಒಂದು ಹೋರಿಯ ಚಿತ್ರ ತೋರಿಸಿದ. ಪೌಲಸ್ ಎಂದು ಹೆಸರು. ಕೆಂಪು ಬಿಳುಪು, ಲಿಂಬುರ್ಗ್‌ನ ಮಾಸ್ ನದಿಯ ದಡದ ತಳಿ. ತಮ್ಮ ಮನೆಯ ಕಿಟಕಿಯಿಂದ ಕಾಣುವ ಗುಡ್ಡದಲ್ಲೇ ಇವನ ಅಜ್ಜಿ ಮೇಯುತ್ತಿದ್ದಳು ಎಂದು, ತನ್ನದೇ ಅಜ್ಜಿಯ ವಿಷಯ ಹೇಳುವಂತೆ ಹೇಳಿದ. ಅಪ್ಪನ ಕಾಲದಲ್ಲಿ ಕೆಂಪು ಕರು ಹುಟ್ಟುವುದೆಂದರೆ ಮನೆತನದ ಮುಖಕ್ಕೆ ಮಸಿ. ನೆರೆಯವರು ಎದ್ದು ಪರದೆ ಸರಿಸುವ ಮೊದಲೇ ಅದನ್ನು ಸಾಗಹಾಕುತ್ತಿದ್ದರು. ಹಿಸ್ಕೆ ಗೋಡೆಯ ಮೇಲಿನ ಅಪ್ಪನ ಪಟ ನೋಡಿದಳು. ಅಪ್ಪ ಎಂದಿನಂತೆ ಏನೂ ಹೇಳಲಿಲ್ಲ.

“ಹಾಕಿಸಿ,” ಎಂದಳು.

ಬೇಸಿಗೆಯ ಆರಂಭದಲ್ಲಿ ಆಲ್ಕೆ ಬೆದೆಗೆ ಬಂದಾಗ ಪೌಲಸ್‌ನ ವೀರ್ಯದ ಇಂಜೆಕ್ಷನ್ ಆಯಿತು. ಬೇಸಿಗೆಯ ಕೊನೆಗೆ ಲ್ಯಾಂಬರ್ಟ್ ಸ್ಕ್ಯಾನ್ ಮಾಡಿ, ಗಬ್ಬ ನಿಂತಿದೆ ಎಂದ. ಅಂದು ಅವನ ಬೂಟಿಗೆ ಪಾಲಿಶ್ ಆಗಿತ್ತು. ಕೊಟ್ಟಿಗೆಗೆ ಬೂಟು ಪಾಲಿಶ್ ಮಾಡಿಕೊಂಡು ಬರುವವನನ್ನು ನಮ್ಮ ನಾಡು ಅಲ್ಲಿಯವರೆಗೆ ಕಂಡಿರಲಿಲ್ಲ. ಹೊರಡುವಾಗ ಹುಲ್ಲುಗಾವಲಿನ ಗೇಟಿನ ಹತ್ತಿರ ನಿಂತ. ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. ಗಾಳಿಗೂ ಕುತೂಹಲ ಹುಟ್ಟಿರಬೇಕು. ನೂರಾರು ವರ್ಷಗಳಲ್ಲಿ ಮೊದಲ ಬಾರಿಗೆ ಅದು ನಿಂತುಹೋಯಿತು.

“ಹೋರಿ ಆರಿಸುವಾಗ ನೀವು ಕಾಲು ನೋಡ್ತೀರಿ, ಸ್ವಭಾವ ನೋಡ್ತೀರಿ,” ಎಂದ. “ನನ್ನನ್ನೂ ಹಾಗೇ ನೋಡಿ ಹೇಳಿ, ಹಿಸ್ಕೆ ಅವರೇ. ಕಾಲು ಸ್ವಲ್ಪ ಡೊಂಕು, ಗೊತ್ತು. ಕೆಲಸ ಅಂತಲ್ಲದೆ, ಈ ಮನೆಗೆ ಸುಮ್ಮನೆ ಬರೋದಕ್ಕೆ, ಬಂದು ಇರೋದಕ್ಕೆ... ನಾನು ಹೇಗೆ?”

ಹಿಸ್ಕೆಯ ಎದೆಯೊಳಗೆ ಇಡೀ ಹಿಂಡು ಒಮ್ಮೆಲೇ ಬೇಲಿ ಮುರಿದು ಓಡಿತು. ಅವಳು ಗೇಟಿನ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಪರವಾಗಿಲ್ಲ,” ಎಂದಳು.

ನಮ್ಮವರ ಬಾಯಲ್ಲಿ ಹೊಗಳಿಕೆಗೆ ಇದಕ್ಕಿಂತ ಮೇಲಿನ ಮೆಟ್ಟಿಲಿಲ್ಲ. ಹಿಸ್ಕೆಯ ಅಪ್ಪ ಇದನ್ನು ಮದುವೆಯ ದಿನ ಹೆಂಡತಿಯನ್ನು ನೋಡಿ ಒಮ್ಮೆ ಅಂದಿದ್ದ, ಆಲ್ಕೆಯ ತಾಯಿ ಪ್ರದರ್ಶನದಲ್ಲಿ ಮೊದಲ ಬಹುಮಾನ ಗೆದ್ದಾಗ ಇನ್ನೊಮ್ಮೆ. ಸಾಯುವವರೆಗೆ ಮೂರನೆಯದಿಲ್ಲ. ಹೆಂಡತಿ ಆ ಒಂದು ಮಾತನ್ನೇ ಇಟ್ಟುಕೊಂಡು ಜೀವಮಾನವೆಲ್ಲ ಬೆಚ್ಚಗಿದ್ದಳು.

ಲ್ಯಾಂಬರ್ಟ್ ಸ್ವಲ್ಪ ಹೊತ್ತು ಹುಲ್ಲನ್ನು ನೋಡಿದ. “ಅರ್ಥವಾಯ್ತು,” ಎಂದ. ಟೋಪಿ ಹಾಕಿಕೊಂಡು, ಅದನ್ನು ಕೈಯಲ್ಲಿ ಒತ್ತಿ ಹಿಡಿದು, ವ್ಯಾನ್ ಹತ್ತಿದ.

ಅರ್ಥವಾಯಿತಂತೆ. ಹಿಸ್ಕೆ ಆ ಸಂಜೆ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಳು. ಮರುದಿನ ಪೇಟೆಗೆ ಹೋಗಿ ದೊಡ್ಡ ಹಿಡಿಯ ನೀಲಿ ಬಟ್ಟಲು ಕೊಂಡುತಂದಳು. ಮೇಜಿನ ಆಚೆಬದಿಯ ಕುರ್ಚಿಯ ಮೇಲೆ ವರ್ಷಗಳಿಂದ ಬಿದ್ದಿದ್ದ ಹಳೆಯ ಪತ್ರಿಕೆಗಳನ್ನು ಎತ್ತಿ ಒಲೆಗೆ ಹಾಕಿದಳು. ಬೀದಿಯಲ್ಲಿ ವ್ಯಾನಿನ ಸದ್ದಾದಾಗೆಲ್ಲ ಕೂದಲು ಸರಿಮಾಡಿಕೊಂಡಳು. ಮೀನಿನ ವ್ಯಾನು ಬಂತು. ಮೇವಿನ ಲಾರಿ ಬಂತು. ಒಂದು ದಿನ ತಳಿ ಸಂಘದಿಂದ ಫೋನಿಗೆ ಮೆಸೇಜ್ ಬಂತು: ನಿಮ್ಮ ಭಾಗಕ್ಕೆ ಇನ್ನು ಮುಂದೆ ಬೇರೆ ಸಲಹೆಗಾರರು ಬರುತ್ತಾರೆ.

ಆ ಚಳಿಗಾಲ ಎಷ್ಟು ಉದ್ದವಿತ್ತೆಂದರೆ ಅದರ ನಡುವೆ ಇನ್ನೆರಡು ಚಳಿಗಾಲಗಳು ಹುಟ್ಟಿ ಬೆಳೆದು ಮುದಿಯಾದವು. ಕಾಲುವೆ ಹೆಪ್ಪುಗಟ್ಟಿತು. ಊರಿನವರೆಲ್ಲ ಹಿಮಜಾರು ಬೂಟು ಕಟ್ಟಿಕೊಂಡು ಜೋಡಿ ಜೋಡಿಯಾಗಿ ಅವಳ ಕಿಟಕಿಯ ಮುಂದೆಯೇ ಜಾರಿಹೋದರು. ಅವಳು ಒಳಗೆ ನಿಂತು ಕೈ ಬೀಸಿದಳು. ಮೇವು ಹಾಕುತ್ತ, ಸಗಣಿ ಬಾಚುತ್ತ ಅವಳು ಗೇಟಿನ ಹತ್ತಿರದ ಆ ಗಳಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ತಪ್ಪು ತನ್ನದೇ ಎಂದು ತೀರ್ಮಾನಿಸಿದಳು. ಅಷ್ಟು ದೊಡ್ಡ ಮಾತನ್ನು ಅಷ್ಟು ಬೇಗ ಆಡಬಾರದಿತ್ತು. ಎದೆ ಬಿಚ್ಚಿ ಎಲ್ಲವನ್ನೂ ಒಮ್ಮೆಲೇ ಸುರಿದುಬಿಟ್ಟರೆ ಯಾವ ಗಂಡಸು ಹೆದರುವುದಿಲ್ಲ?

ರೇಡಿಯೋದಲ್ಲಿ ಪ್ರೇಮಗೀತೆ ಬಂದರೆ ಬೇರೆ ಕೇಂದ್ರಕ್ಕೆ ತಿರುಗಿಸತೊಡಗಿದಳು. ಹಸುಗಳಿಗೆ ಇಷ್ಟವಾಗುವುದಿಲ್ಲ ಎಂದು ಗೊಸ್ಸೆಗೆ ಹೇಳಿದಳು. ನೀಲಿ ಬಟ್ಟಲು ಕಪಾಟಿನಲ್ಲಿ ಬೋರಲಾಗಿ ಕುಳಿತಿತ್ತು. ಗೊಸ್ಸೆ ಒಮ್ಮೆ ಅದಕ್ಕೆ ಕೈ ಹಾಕಿದಾಗ ಹಿಸ್ಕೆ ಅದನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಅದು ಸೋರುತ್ತದೆ ಎಂದಳು. ಮುದುಕ ಮೊದಲ ಬಾರಿಗೆ ಏನೂ ಚೇಷ್ಟೆ ಮಾಡಲಿಲ್ಲ.

ಚಳಿ ಕರಗುವ ಹೊತ್ತಿಗೆ ಒಂದು ಬೆಳಗ್ಗೆ ಆಲ್ಕೆ ಈದಳು. ಹೆಣ್ಣು ಕರು. ಒದ್ದೆ ಹುಲ್ಲಿನ ಮೇಲೆ ಬೆಂಕಿ ಬಿದ್ದಂತೆ ಕೆಂಪು. ಅದನ್ನು ಒರೆಸಿದ ಬಟ್ಟೆಗೂ ಬಣ್ಣ ಹತ್ತಿತೇನೋ ಎಂದು ಹಿಸ್ಕೆ ತಿರುಗಿಸಿ ನೋಡಿದಳು. ಕರು ನಡುಗುವ ಕಾಲಿನ ಮೇಲೆ ಎದ್ದು, ಅವಳ ಬೆರಳನ್ನು ಬಾಯಿಗೆ ಹಾಕಿಕೊಂಡು ಚೀಪಿತು. ಅವಳು ಅಲ್ಲೇ ಹುಲ್ಲಿನ ಮೇಲೆ ಕುಳಿತು ಅತ್ತಳು. ಪಕ್ಕದಲ್ಲಿ ಯಾರೂ ಇಲ್ಲದ್ದರಿಂದ ಚೆನ್ನಾಗಿಯೇ ಅತ್ತಳು. ಆಮೇಲೆ ಬಂದ ಗೊಸ್ಸೆ ಕರುವನ್ನು ನೋಡಿ ಟೋಪಿ ತೆಗೆದ.

ಆ ವಾರವೇ ಕರುವಿನ ಕಿವಿಯ ಚೂರು ತೆಗೆಯಲು ಹೊಸ ಸಲಹೆಗಾರ್ತಿ ಬಂದಳು. ಫ್ಲೂರ್ ಎಂದು ಹೆಸರು. ಅವಳೂ ದಕ್ಷಿಣದವಳೇ, ಮಾತಿನ ಮಳೆ. ಕೆಲಸ ಮುಗಿಸಿ, ಪೌಲಸ್ ಹೋರಿಯ ಕರು ಹೇಗಿದೆ, ತೃಪ್ತಿಯಾಯಿತೇ ಎಂದು ಕೇಳಿದಳು. ಹಿಸ್ಕೆ ಕರುವನ್ನು ನೋಡಿದಳು. ಬಾಗಿ ಅದರ ಕೆಂಪು ನೆತ್ತಿಯನ್ನು ಸವರಿದಳು.

“ಪರವಾಗಿಲ್ಲ,” ಎಂದಳು.

ಫ್ಲೂರ್‌ಳ ಮುಖ ಬಾಡಿತು. ತಮ್ಮಿಂದ ನಿರಾಸೆಯಾದದ್ದಕ್ಕೆ ಸಂಘದ ಪರವಾಗಿ ಕ್ಷಮೆ ಕೇಳಿದಳು. ಆ ಹೋರಿಯನ್ನು ಈ ಹಿಂಡಿಗೆ ಇನ್ನು ಸೂಚಿಸದಂತೆ ಈಗಲೇ ತೆಗೆದುಹಾಕುತ್ತೇನೆಂದು ಟ್ಯಾಬ್ಲೆಟ್ ಮೇಲೆ ಬೆರಳಾಡಿಸತೊಡಗಿದಳು.

ಹಿಸ್ಕೆ ಅವಳ ಕೈ ಹಿಡಿದಳು. “ತೆಗೀಬೇಡಿ. ಯಾಕೆ ತೆಗೀತೀರಿ? ಪರವಾಗಿಲ್ಲ ಅಂದೆನಲ್ಲ.”

“ಅದಕ್ಕೇ ಮೇಡಂ. ನಮ್ಮ ಕಡೆ ಪರವಾಗಿಲ್ಲ ಅಂದ್ರೆ, ಏನೋ ಮುಖ ನೋಡಿ ಹೇಳ್ತಿದ್ದೀನಿ, ಎತ್ಕೊಂಡು ಹೋಗಿ ಅಂತ.”

ಕೊಟ್ಟಿಗೆಯಲ್ಲಿ ರೇಡಿಯೋ ಏನೋ ಹೇಳುತ್ತಿತ್ತು. ಹಿಸ್ಕೆ ಮೇವಿನ ಗಾಡಿಯ ಅಂಚಿನ ಮೇಲೆ ಕುಳಿತುಕೊಂಡಳು. ಲ್ಯಾಂಬರ್ಟ್ ಈಗ ಎಲ್ಲಿ ಎಂದು ಕೇಳಿದಳು. ಅವನು ತಾನೇ ಕೇಳಿ ವರ್ಗ ಮಾಡಿಸಿಕೊಂಡ, ಲಿಂಬುರ್ಗ್‌ನಲ್ಲಿ ಅಮ್ಮನ ಮನೆಯಲ್ಲಿದ್ದಾನೆ ಎಂದಳು ಫ್ಲೂರ್. ಮೊದಲು ನಗಿಸುತ್ತಿದ್ದ ಮನುಷ್ಯ, ಈಗ ಹಸುಗಳ ಜೊತೆ ಮಾತ್ರ ಮಾತಾಡುತ್ತಾನಂತೆ.

ಅಪ್ಪ ಹೋದಮೇಲೆ ಹಿಸ್ಕೆ ಒಂದು ಸಂಜೆಯೂ ಹಿಂಡನ್ನು ಬಿಟ್ಟು ಹೋದವಳಲ್ಲ. ಮರುದಿನ ಬೆಳಗ್ಗೆ ರೋಬೋಟನ್ನು ನೋಡಿಕೊಳ್ಳಲು ಗೊಸ್ಸೆಗೆ ಹೇಳಿದಾಗ ಮುದುಕ, ನಾನು ಅದನ್ನು ನೋಡಿಕೊಳ್ಳುತ್ತೇನೋ ಅದು ನನ್ನನ್ನು ನೋಡಿಕೊಳ್ಳುತ್ತದೋ, ನೀನು ಹೊರಡು ಎಂದ. ಫ್ಲೂರ್ ಕೊಟ್ಟ ವಿಳಾಸ ಹಿಡಿದು ಅವಳು ಇಡೀ ದೇಶವನ್ನು ಉದ್ದಕ್ಕೆ ಸೀಳಿಕೊಂಡು ಹೋದಳು. ದಕ್ಷಿಣದ ಗಡಿಯಾಚೆಯ ಬೆಲ್ಜಿಯಂನವರು ತಮ್ಮ ಮೇಲೆ ದಂಡೆತ್ತಿ ಬಂದರೆಂದು ಹೆದರುವಷ್ಟು ವೇಗ. ಜೀವಮಾನದಲ್ಲಿ ಮೊದಲ ಬಾರಿಗೆ ಎದುರಾದ ಗುಡ್ಡದ ಬುಡದಲ್ಲಿ ಮಾತ್ರ ಕಾರು ನಿಲ್ಲಿಸಿ, ಇದನ್ನು ಹತ್ತುವುದೋ ಸುತ್ತಿಕೊಂಡು ಹೋಗುವುದೋ ಎಂದು ಯೋಚಿಸಿದಳು.

ಲ್ಯಾಂಬರ್ಟ್ ಮನೆಯಲ್ಲಿರಲಿಲ್ಲ. ಅವನ ಅಮ್ಮ ಮಿಯಾ ಯಾರು ಏನು ಎಂದು ಕೇಳುವ ಮೊದಲೇ ಅವಳನ್ನು ಕೂರಿಸಿ, ಬಂಡಿಗಾಲಿಯಷ್ಟು ಅಗಲದ, ಆ ನಾಡಿನ ಹೆಮ್ಮೆಯ ಚೆರಿ ಹಣ್ಣಿನ ತಿಂಡಿ ಫ್ಲಾಯ್ ತಂದು ಮುಂದಿಟ್ಟು ಕತ್ತರಿಸಿಕೊಟ್ಟಳು. ಹಿಸ್ಕೆ ಬೆಳಗಿನಿಂದ ಏನೂ ತಿಂದಿರಲಿಲ್ಲ. ತೆಳುವಾದ ಹಿಟ್ಟಿನ ಮೇಲೆ ಹುಳಿ ಸಿಹಿಯ ಹಣ್ಣು. ನಾಲಿಗೆಯ ಮೇಲೆ ಬೇಸಿಗೆ ಕರಗಿದಂತಾಯಿತು. ಮಿಯಾ ಇನ್ನೊಂದು ತುಂಡು ಕೊಟ್ಟಳು, ಹಿಸ್ಕೆ ತಿಂದಳು. ಮತ್ತೊಂದನ್ನು ತಾನೇ ತೆಗೆದುಕೊಂಡಳು. ಫ್ರೀಸ್‌ಲ್ಯಾಂಡಿನ ಹೆಣ್ಣುಮಗಳು ಪರರ ಮನೆಯಲ್ಲಿ ಮೂರನೆಯದಕ್ಕೆ ಕೈ ಹಾಕಿದ್ದು ಚರಿತ್ರೆಯಲ್ಲಿ ಅದೇ ಮೊದಲು.

ಹಿತ್ತಲ ಬಾಗಿಲು ತೆರೆದ ಸದ್ದು ಅವಳಿಗೆ ಕೇಳಲಿಲ್ಲ. ಮಿಯಾ ಕುತೂಹಲದಿಂದ ಮುಂದೆ ಬಾಗಿ, ಹೇಗಿದೆ ಎಂದು ಕೇಳಿದಳು. ಹಿಸ್ಕೆ ಕಣ್ಣು ಮುಚ್ಚಿ ಕೊನೆಯ ಚೂರು ನುಂಗಿದಳು.

“ಪರವಾಗಿಲ್ಲ,” ಎಂದಳು.

ಮಿಯಾ ಚಾಕುವನ್ನು ಮೇಜಿನ ಮೇಲಿಟ್ಟ ಸದ್ದಿನಲ್ಲಿ ಒಂದು ಇಡೀ ನಾಡಿಗಾದ ಅವಮಾನವಿತ್ತು. ಹಿಸ್ಕೆ ಕಣ್ಣು ತೆರೆದಾಗ ಲ್ಯಾಂಬರ್ಟ್ ಬಾಗಿಲಲ್ಲಿ ನಿಂತಿದ್ದ. ಅವನು ಅವಳನ್ನು ನೋಡಿದ. ಖಾಲಿ ತಟ್ಟೆ ನೋಡಿದ. ಅವಳ ತುಟಿಯ ಅಂಚಿಗೆ ಅಂಟಿದ್ದ ಕೆಂಪನ್ನು ನೋಡಿದ. ಒಂದು ಕುರ್ಚಿ ಎಳೆದುಕೊಂಡು, ಸಿಕ್ಕಿಬಿದ್ದ ಕರುವನ್ನು ಬೆದರಿಸದಂತೆ ಹತ್ತಿರ ಹೋಗುವವನ ಹಾಗೆ ಮೆಲ್ಲಗೆ ಕುಳಿತ.

“ನಿಮ್ಮ ಕಡೆ,” ಎಂದ, “ನಿಜವಾಗಿ ಚೆನ್ನಾಗಿಲ್ದಿದ್ರೆ ಏನಂತೀರಿ?”

“ತುಂಬಾ ಚೆನ್ನಾಗಿದೆ ಅಂತೀವಿ. ಮಾಡಿದವರಿಗೆ ಬೇಜಾರಾಗಬಾರದಲ್ಲ.”

ಮಿಯಾಗೆ ಏನೂ ಅರ್ಥವಾಗಲಿಲ್ಲ. ಆದರೆ ಮಗನ ಮುಖ ನೋಡಿ, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆ ನೋಡಲು ಎದ್ದುಹೋದಳು.

“ಅವತ್ತು ಗೇಟಿನ ಹತ್ತಿರ ನೀವು ಅಂದದ್ದು,” ಎಂದ ಲ್ಯಾಂಬರ್ಟ್. “ಅದೂ ಇಂಥದ್ದೇನಾ?”

“ಇಂಥದ್ದಲ್ಲ,” ಎಂದಳು ಹಿಸ್ಕೆ. ಕಿವಿಯಿಂದ ಕತ್ತಿನವರೆಗೆ ಬಿಸಿಯಾಯಿತು. “ಇದು ಬರೀ ಹಣ್ಣು ಹಿಟ್ಟು.”

ಅವಳು ಫೋನ್ ತೆಗೆದು ಅವನ ಮುಂದಿಟ್ಟಳು. ಕಪ್ಪು ಗೋಡೆಯಂತೆ ನಿಂತ ಆಲ್ಕೆ, ಅವಳ ಕಾಲ ಸಂದಿಯಲ್ಲಿ ಕೆಂಪು ಕರು. ಅವನು ಆ ಚಿತ್ರದ ಮೇಲೆ ಬೆರಳಿಟ್ಟ. ಅವನ ಕಣ್ಣಿನ ತುದಿಯಲ್ಲಿ ಆ ನಗು ಶುರುವಾಯಿತು. ಶುರುವಾದದ್ದು ಕಿವಿಯವರೆಗೆ ಹೋಗದೆ ನಡುವೆ ಒದ್ದೆಯಾಯಿತು.

“ಹೊರಗೆ ಬಂತು,” ಎಂದಳು ಅವಳು.

ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿ ಎಂಬುದೇ ಇರಲಿಲ್ಲ. ಎಲೆಯೂ ಅಲುಗಲಿಲ್ಲ.

“ಒಂದು ಇಡೀ ಚಳಿಗಾಲ ಹಾಳುಮಾಡಿಬಿಟ್ಟೆನಲ್ಲ, ಹಿಸ್ಕೆ,” ಎಂದ ಅವನು. ಅವಳ ಹೆಸರಿಗೆ ಅಂಟಿದ್ದ ‘ಅವರೇ’ ಎಲ್ಲೋ ಉದುರಿಹೋಗಿತ್ತು.

ಹಿಸ್ಕೆಗೆ ಕಪಾಟಿನಲ್ಲಿ ಬೋರಲು ಬಿದ್ದ ನೀಲಿ ಬಟ್ಟಲು ಕಂಡಿತು. ಕೊಟ್ಟಿಗೆಯಲ್ಲಿ ತನ್ನಷ್ಟಕ್ಕೆ ತಾನು ಮಾತಾಡುವ ರೇಡಿಯೋ, ಕಿಟಕಿಯ ಮುಂದೆ ಜೋಡಿ ಜೋಡಿಯಾಗಿ ಜಾರಿಹೋದ ಜನ, ಪತ್ರಿಕೆ ತೆಗೆದಮೇಲೆ ಇನ್ನೂ ಖಾಲಿಯಾಗಿ ಕಂಡ ಆ ಕುರ್ಚಿ, ಎಲ್ಲವೂ ಕಂಡಿತು. ಹೇಳಬೇಕಾದದ್ದು ಬಹಳವಿತ್ತು. ಅವಳು ಅವನ ಡೊಂಕು ಕಾಲಿನ ಪಕ್ಕದಲ್ಲಿ ತನ್ನ ಬೂಟನ್ನು ಸ್ವಲ್ಪ ಸರಿಸಿಟ್ಟಳು.

“ಪರವಾಗಿಲ್ಲ,” ಎಂದಳು.

ಈ ಸಲ ಅವನು ಅರ್ಥವಾಯ್ತು ಎನ್ನಲಿಲ್ಲ. ಎದ್ದು ಹೋಗಿ ಗೂಟದಿಂದ ಟೋಪಿ ತೆಗೆದುಕೊಂಡ. ಒಲೆಯ ಹತ್ತಿರ ನಿಂತಿದ್ದ ಅಮ್ಮನನ್ನು, ಮನೆಯಲ್ಲಿ ಗಟ್ಟಿಯಾದ ದಾರವೇನಾದರೂ ಇದೆಯೇ, ಟೋಪಿಗೆ ಕಟ್ಟಿಕೊಳ್ಳಬೇಕು ಎಂದು ಕೇಳಿದ.